ಯೂನಿಯನ್ ಸೇರಬೇಕಾ, ಸೇರುವುದಾದರೆ ಯಾವಾಗ? ನಮ್ಮ ಭಾಗದ ಕಾರ್ಮಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳಲ್ಲಿ ಒಂದೂ ನಾನು ಹುಟ್ಟಿಸಿದ್ದಲ್ಲ. ಕಲಬುರಗಿ ಗಂಜಿನ (ಧಾನ್ಯ ಮಾರುಕಟ್ಟೆಯ) ಚಹಾದಂಗಡಿಯಲ್ಲಿ, ಸೇಡಂ ಬಸ್ಸಿನಲ್ಲಿ, ಹುಮನಾಬಾದಿನಿಂದ ಬಂದ ಕಾಗದಗಳಲ್ಲಿ, ರಾತ್ರಿ ಹನ್ನೊಂದಕ್ಕೆ ಬರುವ ಫೋನಿನಲ್ಲಿ ಮತ್ತೆ ಮತ್ತೆ ಕೇಳಿದವು. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ. ನಾನು ಹನ್ನೊಂದು ವರ್ಷ ಒಂದು ದಾಲ್ ಮಿಲ್‌ನಲ್ಲಿ ಮುನೀಮನಾಗಿದ್ದವನು. ಈಗ ಕಾರ್ಮಿಕರಿಗೆ ಅರ್ಜಿ ಬರೆದುಕೊಡುತ್ತೇನೆ, ಒಂದು ಸಂಘದ ಲೆಕ್ಕ ನೋಡಿಕೊಳ್ಳುತ್ತೇನೆ. ಎರಡೂ ಕಡೆಯ ಪುಸ್ತಕ ಬರೆದ ಕೈ ಇದು ಅಂತ ತಿಳಿದು ಓದಿ.

## ಮೊದಲಿಗೆ

ಯೂನಿಯನ್ ಅಂದ್ರ ಏನ್ರೀ? ಬರೀ ಕೆಂಪು ಝಂಡಾ ಹಿಡದು ಡಿಸಿ ಆಫೀಸಿನ ಮುಂದ ಕೂಡೋದಾ?

ಧರಣಿ ಕಣ್ಣಿಗೆ ಬೀಳುತ್ತದೆ, ಉಳಿದದ್ದು ಬೀಳುವುದಿಲ್ಲ. ಸಂಘದ ಕೆಲಸದಲ್ಲಿ ಮುಕ್ಕಾಲು ಪಾಲು ಕಾಗದದ್ದು. ಯಾರ ಪಿಎಫ್ ಕಟ್ಟಿಲ್ಲ, ಯಾರ ಓವರ್‌ಟೈಮ್ ಡಬಲ್ ಆಗಿಲ್ಲ, ಯಾರಿಗೆ ಬೋನಸ್ ಬಂದಿಲ್ಲ ಎಂದು ಪಟ್ಟಿ ಮಾಡಿ, ಎಲ್ಲರ ಪರವಾಗಿ ಒಂದೇ ಕಾಗದ ಕೊಟ್ಟು ಮಾಲಕರ ಎದುರು ಕೂತು ಮಾತಾಡುವುದು.

ಗಂಜಿನ ಹಮಾಲರನ್ನೇ ನೋಡಿ. ಒಬ್ಬ ಹಮಾಲ ಒಬ್ಬ ಅಡತ್ಯಾನ (ದಲ್ಲಾಳಿಯ) ಜೊತೆ ಚೀಲಕ್ಕೆ ಇಷ್ಟು ಕೊಡು ಅಂತ ಚೌಕಾಶಿಗೆ ನಿಂತರೆ ಪಕ್ಕದಲ್ಲಿ ಇನ್ನೊಬ್ಬ ಎಂಟಾಣೆ ಕಡಿಮೆಗೆ ಹೊರಲು ತಯಾರಿರುತ್ತಾನೆ. ಹಮಾಲಿ ದರ ಎಲ್ಲರಿಗೂ ಒಂದೇ ಎಂದು ಕೂತು ತೀರ್ಮಾನವಾದ ಮೇಲೆ ಆ ಪೈಪೋಟಿ ನಿಲ್ಲುತ್ತದೆ. ಯೂನಿಯನ್ ಅಂದರೆ ಮೂಲದಲ್ಲಿ ಇಷ್ಟೇ: ನಮ್ಮ ನಮ್ಮಲ್ಲೇ ದರ ಕಡಿಮೆ ಮಾಡಿಕೊಳ್ಳುವುದಿಲ್ಲ ಎಂಬ ಒಪ್ಪಂದ.

ಸೇರಾಕ ಮಾಲಕರ ಪರ್ಮಿಷನ್ ಬೇಕಾ?

ಬೇಡ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಟ್ರೇಡ್ ಯೂನಿಯನ್ ಕಾಯ್ದೆ 1926ರಷ್ಟು ಹಳೆಯದು, ಈಗ ಅದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ಸೇರದಂತೆ ಹೆದರಿಸುವುದು, ಮಾಲಕರೇ ದುಡ್ಡು ಕೊಟ್ಟು ಇನ್ನೊಂದು ಸಂಘ ಹುಟ್ಟಿಸುವುದು ಹಳೆ ಕಾಯ್ದೆಯಲ್ಲೂ ಹೊಸದರಲ್ಲೂ ಅನುಚಿತ ಕಾರ್ಮಿಕ ಪದ್ಧತಿ.

ಒಂದು ಎಚ್ಚರ: ಸಂಘ ಕಟ್ಟುವುದು ಮೂಲಭೂತ ಹಕ್ಕು, ಮುಷ್ಕರ ಮೂಲಭೂತ ಹಕ್ಕಲ್ಲ. ಸುಪ್ರೀಂ ಕೋರ್ಟ್ 1962ರಿಂದ ಇದನ್ನು ಹೇಳುತ್ತಲೇ ಬಂದಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಲೀಡರ್ ಸಿಕ್ಕರೆ ಅವನಿಗೆ ಕಾಯ್ದೆ ಅರ್ಧ ಗೊತ್ತು ಅಂತ ಲೆಕ್ಕ.

ಚಂದಾ ಎಷ್ಟು ಕೊಡಬೇಕು?

2001ರ ತಿದ್ದುಪಡಿಯಲ್ಲಿ ಇಟ್ಟ ಕನಿಷ್ಠ ಮೊತ್ತ ಕೇಳಿದರೆ ನಗು ಬರುತ್ತದೆ. ಗ್ರಾಮೀಣ ಕಾರ್ಮಿಕರಿಗೆ ವರ್ಷಕ್ಕೆ 1 ರೂಪಾಯಿ, ಅಸಂಘಟಿತರಿಗೆ 3, ಉಳಿದವರಿಗೆ 12. ಸಂಘಗಳು ಇದಕ್ಕಿಂತ ಹೆಚ್ಚೇ ತಗೊಳ್ಳುತ್ತವೆ, ತಗೊಳ್ಳಲಿ. ಆಫೀಸಿನ ಬಾಡಿಗೆ, ಲೇಬರ್ ಕೋರ್ಟಿನ ಓಡಾಟ ಪುಕ್ಕಟೆ ಆಗುವುದಿಲ್ಲ. ಎಷ್ಟು ಅನ್ನುವುದಕ್ಕಿಂತ ರಸೀದಿ ಕೊಟ್ಟರಾ ಅನ್ನುವುದು ದೊಡ್ಡದು. ರಸೀದಿ ಇಲ್ಲದ ಹತ್ತು ರೂಪಾಯಿಯೂ ಹೆಚ್ಚೇ.

## ಯಾವಾಗ ಸೇರಬೇಕು

ಈಗೇನ್ ನನಗ ತ್ರಾಸ್ ಇಲ್ಲ. ತ್ರಾಸ್ ಬಂದಾಗ ಸೇರಿದ್ರ ನಡಿಯಲ್ಲೇನು?

ಈ ಪ್ರಶ್ನೆಗೆ ನನ್ನದೇ ಕಥೆ ಹೇಳಬೇಕು.

ನಾನಿದ್ದ ಮಿಲ್‌ನಲ್ಲಿ ಎರಡು ಹಾಜರಿ ಪುಸ್ತಕ ಇದ್ದವು. ಹಸಿರು ರಟ್ಟಿನದರಲ್ಲಿ 9 ಹೆಸರು. ಇನ್‌ಸ್ಪೆಕ್ಟರ್ ಬಂದಾಗ ಮೇಜಿನ ಮೇಲೆ ಬರುತ್ತಿದ್ದದ್ದು ಅದು. ಕೆಂಪು ರಟ್ಟಿನದರಲ್ಲಿ 27 ಹೆಸರು. ಶನಿವಾರ ಪಗಾರದ ಹೊತ್ತಿಗೆ ಡ್ರಾಯರಿನಿಂದ ಏಳುತ್ತಿದ್ದದ್ದು ಇದು. ಒಂಬತ್ತೇ ಯಾಕೆ ಅಂದರೆ ಹತ್ತಾದರೆ ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟಬೇಕು. ಎರಡನ್ನೂ ಬರೆಯುತ್ತಿದ್ದವನು ನಾನೇ, ಒಂದೇ ಪೆನ್ನಿನಲ್ಲಿ.

ಒಂದು ಮೇ ತಿಂಗಳ ಮಧ್ಯಾಹ್ನ ಬೇಳೆ ಚೀಲದ ಥಪ್ಪಿ ಕುಸಿದು ಒಬ್ಬನ ಸೊಂಟ ಮುರಿಯಿತು. ಅವನು ಕೆಂಪು ಪುಸ್ತಕದವನು. ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರೆ ನಿಂತಿದೆ, ಅವನ ಕೈಯಲ್ಲಿ ಕಾರ್ಡಿಲ್ಲ. ಖಾಸಗಿ ಆಸ್ಪತ್ರೆಗೆ ಒಯ್ದರು. ಮೂರು ದಿನದ ಮೇಲೆ ಉಳಿದವರೆಲ್ಲ ಸೇರಿ ಒಂದು ಸಂಘದ ಆಫೀಸಿಗೆ ಹೋದರು. ಅಲ್ಲಿಯ ಹಿರಿಯರು ಕೇಳಿದ ಮೊದಲ ಮಾತು, ‘ಇವನು ಅಲ್ಲಿ ಕೆಲಸ ಮಾಡ್ತಿದ್ದ ಅನ್ನಾಕ ಏನದ?’ ಏನೂ ಇರಲಿಲ್ಲ. ಕೆಂಪು ಪುಸ್ತಕ ಆ ವಾರವೇ ಡ್ರಾಯರಿನಿಂದ ಮಾಯವಾಗಿತ್ತು.

ಕೊನೆಗೆ ಸಿಕ್ಕದ್ದು ಅವನ ಮಗಳ ಶಾಲೆಯ ನೋಟ್‌ಬುಕ್. ಅಪ್ಪ ಪ್ರತಿ ರಾತ್ರಿ ಬಂದು ಹೇಳಿದ ಚೀಲದ ಲೆಕ್ಕವನ್ನು ಆ ಹುಡುಗಿ ಗಣಿತದ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದಳು. ಒಂದು ಪುಟದಲ್ಲಿ, 500 ರೂಪಾಯಿ ಉಚಲ್ (ಮುಂಗಡ) ಕೊಟ್ಟಿದ್ದಕ್ಕೆ ನನ್ನ ಗಿಡ್ಡ ಸಹಿ ಇತ್ತು. ಆ ಸಹಿ ನನ್ನದು ಎಂದು ಲೇಬರ್ ಆಫೀಸಿನಲ್ಲಿ ಒಪ್ಪಿಕೊಂಡ ದಿನ ನನ್ನ ಮುನೀಮಿಕೆ ಮುಗಿಯಿತು. ಒಂದೂವರೆ ವರ್ಷ ಎಳೆದಾಡಿ ಅವನಿಗೆ ಸಿಕ್ಕದ್ದು ಆಸ್ಪತ್ರೆಯ ಬಿಲ್ಲಿಗೂ ಸಾಲಲಿಲ್ಲ.

ಆ 27 ಮಂದಿ ಒಂದು ವರ್ಷ ಮೊದಲು ಸೇರಿದ್ದರೆ ಸಂಘ ಮಾಡುತ್ತಿದ್ದ ಮೊದಲ ಕೆಲಸ ಇಎಸ್‌ಐ ನಂಬರ್ ಕೇಳುವುದು. ಸೊಂಟ ಮುರಿಯುವುದು ತಪ್ಪುತ್ತಿರಲಿಲ್ಲ, ಬಿಲ್ಲು ತಪ್ಪುತ್ತಿತ್ತು. ಹಾಗಾಗಿ ನನ್ನ ಉತ್ತರ: ಏನೂ ತ್ರಾಸಿಲ್ಲದ ಹೊತ್ತೇ ಸೇರುವ ಹೊತ್ತು. ಬಿತ್ತಿಗೆ ಮುಗಿದ ಮೇಲೆ ಬೀಜ ಹುಡುಕಿದರೆ ಆ ವರ್ಷ ತೊಗರಿ ಬರುವುದಿಲ್ಲ.

ಹಂಗಾದ್ರ ಎಲ್ಲರೂ ಕಣ್ಮುಚ್ಚಿ ಸೇರಬೇಕಂತೀರಾ?

ಅಲ್ಲ. ನಿಮ್ಮ ಕಷ್ಟ ನಿಮ್ಮೊಬ್ಬರದೇ ಆಗಿದ್ದು, ಒಂದು ಅರ್ಜಿಗೆ ಬಗೆಹರಿಯುವುದಾದರೆ ಸಂಘ ಬೇಕಿಲ್ಲ. ಪಿಎಫ್ ಖಾತೆಯಲ್ಲಿ ಹೆಸರು ತಪ್ಪಿದೆ, ಯುಎಎನ್‌ಗೆ (ಪಿಎಫ್ ಸದಸ್ಯರ ನಂಬರಿಗೆ) ಆಧಾರ್ ಜೋಡಣೆ ಆಗಿಲ್ಲ, ಇದಕ್ಕೆಲ್ಲ ಯಾಕೆ ಮೆರವಣಿಗೆ? ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಅರ್ಜಿ ಕೊಟ್ಟರೆ 30 ದಿನದೊಳಗೆ ಮುಗಿಸಬೇಕು. ಮೊದಲು ಅಲ್ಲಿ ಕೊಟ್ಟು ನೋಡಿ.

ಕಿರಾಣಿ ಅಂಗಡಿಯಲ್ಲಿ ಮಾಲಕ ಮತ್ತು ನೀವಿಬ್ಬರೇ ಇದ್ದರೆ ಅಂಗಡಿಯೊಳಗೆ ಯೂನಿಯನ್ ಕಟ್ಟುವ ಮಾತಿಲ್ಲ. ಮತ್ತೆ, ಸದಸ್ಯರ ರಿಜಿಸ್ಟರ್ ಇಲ್ಲದ, ಲೆಕ್ಕ ತೋರಿಸದ, ಹತ್ತು ವರ್ಷದಿಂದ ಚುನಾವಣೆ ಮಾಡದ ಸಂಘ ನಿಮ್ಮೂರಲ್ಲಿ ಅದೊಂದೇ ಇದ್ದರೆ, ಸೇರುವುದಕ್ಕಿಂತ ಸುಮ್ಮನಿರುವುದು ವಾಸಿ ಅಂತ ನಾನೇ ಹೇಳಿ ಕಳಿಸಿದ್ದುಂಟು.

ಸೇರಿದ್ದು ಗೊತ್ತಾದ್ರ ತಗದು ಒಗೀತಾರ. ಆಮ್ಯಾಲ ಮನಿ ನೀವು ನಡಸ್ತೀರೇನ್ರಿ?

ನ್ಯಾಯವಾದ ಸಿಟ್ಟು. ಸುಳ್ಳು ಧೈರ್ಯ ಕೊಡುವುದಿಲ್ಲ: ತೆಗೆಯುತ್ತಾರೆ. ಸಂಘ ಸೇರಿದ ಅಂತ ಬರೆದು ಯಾರೂ ತೆಗೆಯುವುದಿಲ್ಲ. ತಡವಾಗಿ ಬಂದ, ಸೂಪರ್‌ವೈಸರ್‌ಗೆ ಎದುರುತ್ತರ ಕೊಟ್ಟ, ಕೆಲಸ ಕಡಿಮೆಯಾಗಿದೆ ಅಂತ ಬೇರೆ ನೆಪ ಹುಟ್ಟುತ್ತದೆ. ಕಾಯ್ದೆ ನಿಮ್ಮ ಕಡೆ ಇದೆ, ಆದರೆ ಕಾಯ್ದೆಗೆ ವರ್ಷಗಳು ಬೇಕು, ಹೊಟ್ಟೆಗೆ ಸಂಜೆಯೇ ಬೇಕು.

ಅದಕ್ಕೇ ಎಣಿಕೆ ಮುಖ್ಯ. ನಲವತ್ತರಲ್ಲಿ ಮೂವರು ಸೇರಿ, ಸೇರಿದ್ದೇವೆ ಅಂತ ಗೇಟಿನಲ್ಲಿ ಹೇಳಿಕೊಂಡು ತಿರುಗಿದರೆ ಆ ಮೂವರೂ ಮುಂದಿನ ತಿಂಗಳು ಮನೆಯಲ್ಲಿ. ಅರ್ಧಕ್ಕಿಂತ ಹೆಚ್ಚು ಜನ ಸದ್ದಿಲ್ಲದೆ ಸದಸ್ಯತ್ವದ ಫಾರ್ಮ್ ತುಂಬಿ, ನೋಂದಣಿಯ ಅರ್ಜಿ ಟ್ರೇಡ್ ಯೂನಿಯನ್ ರಿಜಿಸ್ಟ್ರಾರ್ ಕಡೆ ಹೋದ ಮೇಲೆ, ಒಂದೇ ದಿನ ಎಲ್ಲರ ಹೆಸರಿನ ಕಾಗದ ಮಾಲಕರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗಲಿ. ಆ ಮೇಲೆ ಯಾರನ್ನು ತೆಗೆದರೂ ತಾರೀಖು ಸಾಕ್ಷಿ ಹೇಳುತ್ತದೆ. ವಿವಾದ ಸರ್ಕಾರದ ಸಂಧಾನಾಧಿಕಾರಿಯ ಎದುರು ಸಂಧಾನದಲ್ಲಿ ಇರುವಾಗ, ಅದಕ್ಕೆ ಸಂಬಂಧಪಟ್ಟ ಕೆಲಸದ ಷರತ್ತನ್ನು ಮಾಲಕರು ತಮ್ಮಷ್ಟಕ್ಕೆ ಕಾರ್ಮಿಕನಿಗೆ ತೊಂದರೆಯಾಗುವಂತೆ ಬದಲಿಸುವಂತಿಲ್ಲ.

ತೆಗೆದೇಬಿಟ್ಟರೆ ಎರಡು ದಿನಾಂಕ ನೆನಪಿಡಿ. ಬಾಕಿ ಪಗಾರ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ವಜಾ ವಿರುದ್ಧ ಕೈಗಾರಿಕಾ ಟ್ರಿಬ್ಯುನಲ್‌ಗೆ ಹೋಗಲು ಎರಡು ವರ್ಷದ ಗಡುವು. ‘ಸಾಹುಕಾರ ಕರೀತಾರ, ದಸರಾ ಆಗಲಿ’ ಅಂತ ಕಾದು ಎರಡು ವರ್ಷ ಕಳೆದವರು ನನಗೆ ಗೊತ್ತು.

## ನಮ್ಮಂಥವರಿಗೆ ಸಂಘ ಆಗ್ತದಾ?

ನಾನು ಠೇಕೇದಾರನ ಕಡಿಂದ ಹೋಗಾಂವ. ಕಂಪನಿ ‘ನೀ ನಮ್ಮಾಂವಲ್ಲ’ ಅಂತದ.

ಸೇರಬಹುದು. ನಮ್ಮ ಭಾಗದಲ್ಲಿ ಇವತ್ತು ಕಾರ್ಖಾನೆ ಗೇಟಿನೊಳಗೆ ಹೋಗುವ ಹುಡುಗರಲ್ಲಿ ಎಷ್ಟೋ ಮಂದಿ ಹೀಗೇ, ಒಂದು ಕಂಪನಿಯ ಗೇಟು, ಇನ್ನೊಬ್ಬನ ಐಡಿ ಕಾರ್ಡು. ಠೇಕೇದಾರ ಪಗಾರ ಕೊಡದೆ ಕೈಯೆತ್ತಿದರೆ ಮೂಲ ಕಂಪನಿಯೇ ಕೊಡಬೇಕು. ಇದು ಹಳೆ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇತ್ತು, ಹೊಸ ವೇತನ ಸಂಹಿತೆಯಲ್ಲೂ ಇದೆ.

ಆದರೆ ‘ನಮ್ಮ ಸಂಘ ಸೇರಿ, ಆರು ತಿಂಗಳಲ್ಲಿ ಪರ್ಮನೆಂಟ್ ಮಾಡಿಸ್ತೇವೆ’ ಅಂದವರಿಂದ ದೂರ ಇರಿ. ಗುತ್ತಿಗೆ ಪದ್ಧತಿ ರದ್ದಾದರೂ ಕಾರ್ಮಿಕರು ತಾವಾಗಿಯೇ ಕಂಪನಿಯ ನೌಕರರಾಗಿಬಿಡುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆ ಬರೀ ನೆಪ, ನಿಜವಾದ ಮಾಲಕ ಕಂಪನಿಯೇ ಅಂತ ಸಾಬೀತು ಮಾಡಿದರೆ ಮಾತು ಬೇರೆ, ಅದು ಉದ್ದ ದಾರಿ. ಸಂಘದಿಂದ ಬೇಗ ಸಿಗುವುದು ಪಿಎಫ್, ಇಎಸ್‌ಐ, ಕನಿಷ್ಠ ವೇತನ, ನೇಮಕಾತಿ ಪತ್ರ. ಠೇಕೇದಾರ ಬದಲಾದಾಗ ಹಳಬರನ್ನೇ ಇಟ್ಟುಕೊಳ್ಳಬೇಕು ಅನ್ನುವ ಒಪ್ಪಂದ ಮಾಡಿಸಿಕೊಂಡರೆ ಅದೇ ದೊಡ್ಡ ಗೆಲುವು. ಪ್ರತಿ ಠೇಕೇದಾರನ ಐಡಿ ಕಾರ್ಡಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬಿಟ್ಟು ಹೋಗುವಾಗ ಕಾರ್ಡು ವಾಪಸ್ ಇಸಕೊಳ್ಳುತ್ತಾರೆ.

ನಾವು ಆರೇ ಮಂದಿ ಅದೀವಿ.

ನೋಂದಣಿಗೆ ಕನಿಷ್ಠ 7 ಜನ ಅರ್ಜಿದಾರರು ಬೇಕು. ಜೊತೆಗೆ ಅಲ್ಲಿಯ ಅಥವಾ ಆ ಉದ್ಯಮದ ಕಾರ್ಮಿಕರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಆರು ಜನ ಆ ಉದ್ಯಮಕ್ಕೆಲ್ಲ ಇರುವ ಸಂಘವೊಂದನ್ನು ಸೇರಿ. ಕಪನೂರಿನ ಹತ್ತು ದಾಲ್ ಮಿಲ್ಲುಗಳ ಆರಾರು ಜನ ಸೇರಿದರೆ ಅರವತ್ತು.

ನಾನು ಸೂಪರ್‌ವೈಸರ್. ಲೇಬರ್ ಜೋಡಿ ಕೂಡಾಕ ಬರ್ತದಾ?

ಹುದ್ದೆಯ ಹೆಸರು ಲೆಕ್ಕಕ್ಕಿಲ್ಲ. ನಿಜವಾಗಿ ಮೇಲ್ವಿಚಾರಣೆಯ ಕೆಲಸ ಮಾಡುತ್ತಿದ್ದು ಸಂಬಳ ತಿಂಗಳಿಗೆ 18,000 ದಾಟಿದರೆ ಹೊಸ ಸಂಹಿತೆಯ ವಿವಾದದ ಅಧ್ಯಾಯಗಳಲ್ಲಿ ನೀವು ‘ಕಾರ್ಮಿಕ’ ಅಲ್ಲ. ಹಳೆ ಕಾಯ್ದೆಯಲ್ಲಿ ಆ ಗೆರೆ 10,000ಕ್ಕೆ ಇತ್ತು. ಸೂಪರ್‌ವೈಸರ್ ಅಂತ ಕರೆಸಿಕೊಂಡು ದಿನವಿಡೀ ಮೆಷಿನ್ ಮೇಲೆಯೇ ನಿಂತಿರುವವರು ಹೆದರಬೇಕಿಲ್ಲ, ಕೋರ್ಟು ನೋಡುವುದು ಕೆಲಸವನ್ನು.

ನಾನು ಆಶಾ. ನಮ್ಮದು ಪಗಾರಲ್ಲ, ಗೌರವಧನ ಅಂತಾರ. ಮತ್ತ ಯೂನಿಯನ್ ಯಾಕ?

ಪಗಾರ ಅಲ್ಲ ಅನ್ನುವುದಕ್ಕೇ ಬೇಕು. 2025ರ ಜನವರಿ 7ರಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಕೂತರು. ಚಳಿಯಲ್ಲಿ ಹೊದಿಕೆ ಹೊದ್ದು ರಾತ್ರಿ ಅಲ್ಲೇ ಮಲಗಿದರು. ನಾಲ್ಕನೇ ದಿನ ಮುಖ್ಯಮಂತ್ರಿಗಳು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಕೊಟ್ಟರು. ಅದೇ ವರ್ಷ ಆಗಸ್ಟಿನಲ್ಲಿ, ಭರವಸೆ ಆದೇಶವಾಗಲಿಲ್ಲ ಎಂದು ಮತ್ತೆ ಧರಣಿ. ಒಮ್ಮೆ ಗೆದ್ದದ್ದನ್ನು ಕಾಗದಕ್ಕೆ ಇಳಿಸಲು ಎರಡನೇ ಸಲ ಕೂಡಬೇಕಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಅಂಗನವಾಡಿಯವರಿಗೂ ಗೌರವಧನವೇ. ಆದರೂ ಅವರು ಗ್ರಾಚ್ಯುಟಿಗೆ (ಕೆಲಸ ಬಿಡುವಾಗಿನ ಇಡುಗಂಟಿಗೆ) ಅರ್ಹರು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು. ಗುಜರಾತಿನ ಅಂಗನವಾಡಿ ಹೆಣ್ಣುಮಕ್ಕಳು ಕೆಳಗಿನಿಂದ ಮೇಲಿನವರೆಗೆ ಬೆನ್ನುಹತ್ತಿದ ಕೇಸು ಅದು.

ನಾವು ಬ್ಯಾಸಗ್ಯಾಗ ಪುಣೆ, ಬೆಂಗಳೂರಿಗೆ ಗುಳೆ ಹೋಗೋರು. ನಮಗ್ಯಾವ ಸಂಘ?

ಹೋಗುವ ಮುಂಚೆ ಊರಲ್ಲೇ ಸರ್ಕಾರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿ. 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಾರ್ಡು ಮಾಡಿಸಿಕೊಡುತ್ತೇವೆ ಅಂತ ಎರಡು ಸಾವಿರ ಕೀಳುವವರು ಸಂಘವಲ್ಲ, ಏಜೆಂಟರು. ಇಡೀ ತಾಂಡಾ ಒಂದೇ ಮೇಸ್ತ್ರಿಯ ಹಿಂದೆ ಹೋಗುವುದಾದರೆ ಮೇಸ್ತ್ರಿಯ ಹೆಸರು, ಬಿಲ್ಡರ್ ಹೆಸರು, ಸೈಟಿನ ವಿಳಾಸ ಬರೆದ ಚೀಟಿಯೊಂದು ಊರಲ್ಲಿ ಉಳಿಯಲಿ. ಪಗಾರ ಮುಳುಗಿದಾಗ ‘ಬೆಂಗಳೂರಿನಾಗ ದೊಡ್ಡ ಬಿಲ್ಡಿಂಗ್’ ಅನ್ನುವುದು ವಿಳಾಸವಾಗುವುದಿಲ್ಲ.

## ಯಾವ ಸಂಘ, ಎಂಥಾ ಲೀಡರ್

ನಮ್ಮ ಫ್ಯಾಕ್ಟರಿಯಾಗ ಮೂರು ಯೂನಿಯನ್ ಅದಾವ. ಯಾವುದಕ್ಕ ಸೇರಲಿ?

ಮೊದಲೆಲ್ಲ ಇದು ರುಚಿಯ ಪ್ರಶ್ನೆಯಾಗಿತ್ತು, ಈಗ ಲೆಕ್ಕದ ಪ್ರಶ್ನೆ. ಹೊಸ ಸಂಹಿತೆಯ ಪ್ರಕಾರ ಹಾಜರಿಯಲ್ಲಿರುವ ಕಾರ್ಮಿಕರಲ್ಲಿ ಶೇ 51 ಜನ ಯಾವ ಸಂಘದ ಹಿಂದಿದ್ದಾರೋ ಮಾಲಕರ ಜೊತೆ ಮಾತುಕತೆಯ ಹಕ್ಕು ಅದೊಂದಕ್ಕೇ. ಯಾರಿಗೂ 51 ಇಲ್ಲದಿದ್ದರೆ ಶೇ 20 ಇರುವ ಸಂಘಗಳೆಲ್ಲ ಸೇರಿ ಮಾತುಕತೆಯ ಮಂಡಳಿ ಆಗುತ್ತದೆ. 300 ಜನರ ಫ್ಯಾಕ್ಟರಿಯಲ್ಲಿ 55 ಸದಸ್ಯರ ಸಂಘಕ್ಕೆ ಮೇಜಿನ ಬಳಿ ಕುರ್ಚಿಯೇ ಇಲ್ಲ, ಯಾಕೆಂದರೆ ಶೇ 20 ಅಂದರೆ 60.

ಹಾಗಂತ ದೊಡ್ಡದು ಅಂತಲೇ ಸೇರಬೇಡಿ. ಹೋಗಿ ಮೂರು ಕಾಗದ ಕೇಳಿ: ನೋಂದಣಿ ಪತ್ರ, ಹೋದ ವರ್ಷ ರಿಜಿಸ್ಟ್ರಾರ್‌ಗೆ ಸಲ್ಲಿಸಿದ ಲೆಕ್ಕ, ಮಾಲಕರ ಜೊತೆ ಆದ ಕೊನೆಯ ಒಪ್ಪಂದದ ಪ್ರತಿ. ಲೆಕ್ಕದ ವಹಿ ನೋಡುವುದು ಸದಸ್ಯನ ಹಕ್ಕು. ‘ನಮ್ಮ ಮ್ಯಾಲ ಭರೋಸಾ ಇಲ್ಲೇನು?’ ಅಂತ ಮುಖ ಗಂಟಿಕ್ಕಿದರೆ ಚಹಾ ಕುಡಿದು ಎದ್ದು ಬನ್ನಿ.

ಎಲ್ಲ ಯೂನಿಯನ್ನೂ ಒಂದೊಂದು ಪಾರ್ಟಿದೇ. ನನಗ ಪಾರ್ಟಿ ಬ್ಯಾಡ.

ಬಹುಪಾಲು ನಿಜ. 1920ರ ಎಐಟಿಯುಸಿ, 1947ರ ಇಂಟಕ್, 1955ರ ಬಿಎಂಎಸ್, 1970ರ ಸಿಐಟಿಯು, ಎಐಯುಟಿಯುಸಿ, ದೇಶಮಟ್ಟದ ಈ ಒಕ್ಕೂಟಗಳೆಲ್ಲಕ್ಕೂ ಒಂದು ಸಿದ್ಧಾಂತದ ನೆರಳಿದೆ. ಆದರೆ ಸದಸ್ಯನಾದ ಮಾತ್ರಕ್ಕೆ ಯಾರಿಗೂ ಓಟು ಬರೆದುಕೊಟ್ಟಂತಲ್ಲ. ರಾಜಕೀಯ ನಿಧಿ ಬೇರೆಯೇ ಇರಬೇಕು. ಅದಕ್ಕೆ ಕೊಡಲ್ಲ ಅಂದರೆ ಸದಸ್ಯತ್ವ ತಪ್ಪಿಸುವಂತಿಲ್ಲ. ಇಷ್ಟು ತಿಳಿದಿದ್ದರೆ ಝಂಡಾದ ಬಣ್ಣ ನಿಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಇಂಥ ಯಾವ ಒಕ್ಕೂಟಕ್ಕೂ ಸೇರದ ಸ್ವತಂತ್ರ ಸಂಘವನ್ನೂ ಕಟ್ಟಬಹುದು. ಅದಕ್ಕೆ ವಕೀಲರು, ಅನುಭವಿಗಳು ಸುಲಭಕ್ಕೆ ಸಿಗುವುದಿಲ್ಲ ಅನ್ನುವುದೇ ತೊಡಕು.

ಲೀಡರ್ ಮಾಲಕರ ಕಾರಿನಾಗ ತಿರಗ್ತಾನ. ಮಾರ್ಕೊಂಡಾನ ಅಂತಾರ. ಏನ್ ಮಾಡ್ಬೇಕು?

ಮಾಲಕರ ಜೊತೆ ಚಹಾ ಕುಡಿದರೆ ಮಾರಿಕೊಂಡ ಅಂತಲ್ಲ. ಮಾತುಕತೆಗೆ ಹೋದವನು ಹೊರಗೆ ನಿಂತು ಕಲ್ಲು ಒಗೆಯಲಾಗದು. ನೋಡಬೇಕಾದ್ದು ಬೇರೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಸದಸ್ಯರಿಗೆ ಓದಿ ಹೇಳಿದನಾ? ಒಬ್ಬನೇ ಹೋಗುತ್ತಾನಾ, ನಾಲ್ವರ ಜೊತೆ ಹೋಗುತ್ತಾನಾ? ಅವನ ಅಳಿಯನಿಗೆ ಅದೇ ಗೇಟಿನೊಳಗೆ ಲೇಬರ್ ಠೇಕಾ ಇದೆಯಾ? ಈ ಮೂರನೆಯದು ನಮ್ಮ ಕಡೆಯ ಹಳೆ ರೋಗ.

ಹೊರಗಿನವರು ಪದಾಧಿಕಾರಿಯಾಗಲು ಮಿತಿ ಇದೆ. ಸಂಘಟಿತ ವಲಯದಲ್ಲಿ ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ ಐದು, ಯಾವುದು ಕಡಿಮೆಯೋ ಅಷ್ಟು. ಉಳಿದವರು ಅಲ್ಲೇ ದುಡಿಯುವವರಾಗಿರಬೇಕು. ಆ ಜಾಗಗಳು ಖಾಲಿ ಬಿದ್ದಿದ್ದರೆ ತಪ್ಪು ಲೀಡರನದಷ್ಟೇ ಅಲ್ಲ.

ನಮ್ಮ ಮಂದಿಗೆ ಝಾಡು, ಗಟಾರ ಕೆಲಸ. ಮೀಟಿಂಗಿನಾಗ ಕುರ್ಚಿ ಮ್ಯಾಲ ಬ್ಯಾರೇದವ್ರೇ ಕೂಡ್ತಾರ.

ಈ ಮಾತು ಹೇಳಿದಾಕೆ ಒಬ್ಬ ಪೌರಕಾರ್ಮಿಕಳು. ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಜಾತಿ ಗೇಟಿನ ಹೊರಗೆ ಚಪ್ಪಲಿಯಂತೆ ಬಿಟ್ಟು ಬರುವ ವಸ್ತುವಲ್ಲ. ಸಂಘದೊಳಗೂ ಯಾರ ಮನೆಯಲ್ಲಿ ಮೀಟಿಂಗ್, ಯಾರ ಕೈಯ ನೀರು ಅನ್ನುವುದು ನಡೆಯುತ್ತದೆ. ಕೊಳೆ ಹೊರುವವರೇ ಕಟ್ಟಿ, ಅವರೇ ಅಧ್ಯಕ್ಷರಾದ ಸಂಘಗಳು ನಗರಸಭೆಗಳಲ್ಲಿ ಚೆನ್ನಾಗಿ ನಡೆದಿವೆ. ಬೇರೆ ಸಂಘ ಕಟ್ಟಿದರೆ ಬಲ ಒಡೆಯುತ್ತದೆ ಅಂತ ಮೇಲಿನವರು ಹೇಳುತ್ತಾರೆ. ಕುರ್ಚಿ ಬಿಟ್ಟುಕೊಡದೆ ಆ ಮಾತು ಹೇಳಿದರೆ ನಾನು ಒಪ್ಪುವುದಿಲ್ಲ.

ಇದರ ಬಳಿಯೇ ಇನ್ನೊಂದು. ಬಸವಕಲ್ಯಾಣದ ನಾಡಿದು, ಕೆಲವು ಮಾಲಕರು ಪಗಾರ ಕೇಳಿದರೆ ‘ಕಾಯಕವೇ ಕೈಲಾಸ’ ಅನ್ನುತ್ತಾರೆ. ಅದನ್ನು ಹೇಳಿದವರು ಶರಣರು, ಮೂರು ತಿಂಗಳ ಪಗಾರ ತಡೆಹಿಡಿದವರಲ್ಲ.

## ಬಿಗಿ ಪ್ರಶ್ನೆಗಳು

ಯೂನಿಯನ್ ಬಂದ್ರ ಫ್ಯಾಕ್ಟರಿ ಮುಚ್ತದ. ಎಂಎಸ್‌ಕೆ ಮಿಲ್ ನೋಡಿಲ್ಲೇನು?

ನೋಡಿದ್ದೇನೆ. ಕಲಬುರಗಿಯಲ್ಲಿ ನಿಜಾಮರ ಕಾಲದ ಮಹಬೂಬ್ ಶಾಹಿ ಬಟ್ಟೆ ಮಿಲ್ಲು ಹೋಗಿ ಹೆಸರು ಮಾತ್ರ ಏರಿಯಾಕ್ಕೆ ಉಳಿಯಿತು. ಆಟೋದವರಿಗೆ ಇವತ್ತೂ ‘ಎಂಎಸ್‌ಕೆ ಮಿಲ್’ ಅಂದರೆ ಸಾಕು. ಆದರೆ ಆ ಕಾಲಕ್ಕೆ ದೇಶದ ತುಂಬ ಬಟ್ಟೆ ಮಿಲ್ಲುಗಳು ಬಿದ್ದವು. ಹಳೆ ಯಂತ್ರ, ಬದಲಿಸಲು ದುಡ್ಡು ಹಾಕದ ಮಾಲೀಕತ್ವ, ಎದುರಿಗೆ ಪವರ್‌ಲೂಮಿನ ಅಗ್ಗದ ಬಟ್ಟೆ. ಸಂಘ ಗಟ್ಟಿ ಇದ್ದಲ್ಲೂ ಬಿದ್ದವು, ಮೆತ್ತಗಿದ್ದಲ್ಲೂ ಬಿದ್ದವು.

ಆದರೂ ಸಂಘಗಳ ತಪ್ಪೇ ಇಲ್ಲ ಅನ್ನಲಾರೆ. 1982ರ ಜನವರಿ 18ರಂದು ಮುಂಬೈಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಎಷ್ಟೋ ಮಿಲ್ಲುಗಳು ಮತ್ತೆ ತೆರೆಯಲಿಲ್ಲ. ಅವರ ಬೇಡಿಕೆ ಪಗಾರದ್ದಷ್ಟೇ ಅಲ್ಲ, ತಮಗೆ ಬೇಡವಾದ ಸಂಘವೊಂದಕ್ಕೆ ಕಾಯ್ದೆ ಕೊಟ್ಟಿದ್ದ ಏಕಸ್ವಾಮ್ಯವನ್ನು ತೆಗೆಯಬೇಕು ಅನ್ನುವುದೂ ಆಗಿತ್ತು. ಬೇಡಿಕೆ ನ್ಯಾಯವಾದದ್ದೇ, ಇಳಿದು ಬರುವ ಮೆಟ್ಟಿಲು ಇಟ್ಟುಕೊಳ್ಳದೆ ಹತ್ತಿದ್ದು ತಪ್ಪು.

ಇನ್ನೊಂದು ಮಗ್ಗುಲೂ ಇದೆ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯ ಗಾಜು ಪುಡಿಯಾಯಿತು. ಪಗಾರ, ಓವರ್‌ಟೈಮ್ ಸರಿಯಾಗಿ ಬರಲಿಲ್ಲ ಅಂತ ಗುತ್ತಿಗೆ ಹುಡುಗರು ಕೆರಳಿದ್ದರು. ಅಲ್ಲಿ ಅವರ ಪರ ಕೂತು ಮಾತಾಡುವ ಸಂಘವಿರಲಿಲ್ಲ.

ಸ್ಟ್ರೈಕ್ ಮಾಡಿದ್ರ ಆ ದಿನದ ಪಗಾರ ಸಿಗ್ತದಾ?

ಸಿಗುವುದಿಲ್ಲ ಅಂತಲೇ ಲೆಕ್ಕ ಹಾಕಿ. ಮುಷ್ಕರ ಕಾನೂನುಬದ್ಧವೂ ನ್ಯಾಯವೂ ಆಗಿದ್ದರೆ ಮಾತ್ರ ಪಗಾರ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದೆ. ಅದನ್ನು ಸಾಬೀತು ಮಾಡುವಷ್ಟರಲ್ಲಿ ಮಕ್ಕಳ ಮದುವೆಯಾಗಿರುತ್ತದೆ. ನೋಟಿಸ್ ಕೊಡದೆ, ಸಕಾರಣವಿಲ್ಲದೆ ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು ಗೈರಾದರೆ ಎಂಟು ದಿನದವರೆಗಿನ ಪಗಾರ ಹೆಚ್ಚುವರಿಯಾಗಿ ಕಡಿಯುವ ಅವಕಾಶ ಮಾಲಕರಿಗಿದೆ.

ಈಗ ಎಲ್ಲ ಕೈಗಾರಿಕೆಗೂ 14 ದಿನದ ಮುಂಚಿನ ನೋಟಿಸ್ ಕಡ್ಡಾಯ. ಕೊಟ್ಟ ನೋಟಿಸ್ 60 ದಿನ ನಡೆಯುತ್ತದೆ. ಸಂಧಾನ ನಡೆದಿರುವಾಗ, ಅದು ಮುಗಿದ 7 ದಿನದವರೆಗೆ ಮುಷ್ಕರ ಅಕ್ರಮ. ‘ಸ್ಟ್ರೈಕ್ ಬ್ಯಾಡ, ಎಲ್ಲಾರೂ ಕೂಡಿ ಸಿಎಲ್ ಹಾಕೋಣ’ ಅನ್ನುವ ಹಳೆ ಉಪಾಯವೂ ಈಗ ನಡೆಯುವುದಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ಅಕ್ರಮ ಮುಷ್ಕರಕ್ಕೆ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ.

2021ರ ಏಪ್ರಿಲ್ 7ರಿಂದ ಎರಡು ವಾರ ಸಾರಿಗೆ ನೌಕರರು ಬಸ್ಸು ನಿಲ್ಲಿಸಿದ್ದು ನೆನಪಿರಬೇಕು. ಆರನೇ ವೇತನ ಆಯೋಗದ ಸಂಬಳ ಕೇಳಿದರು, ಕೊನೆಗೆ ಹೈಕೋರ್ಟಿನ ಮಾತಿನ ಮೇಲೆ ಕೆಲಸಕ್ಕೆ ಮರಳಿದರು. ನಡುವೆ ವಜಾ, ಅಮಾನತು, ದೂರದ ವರ್ಗಾವಣೆ ನೋಡಿದರು. ಮುಷ್ಕರಕ್ಕೆ ಕೈ ಎತ್ತುವ ಮುಂಚೆ ನಮ್ಮ ಸಂಘದಲ್ಲಿ ನಾನು ಕೇಳುವುದು ಒಂದೇ: ಮನೆಯಲ್ಲಿ ಎಷ್ಟು ದಿನದ ಜೋಳ ಇದೆ?

ಹೊಸ ಲೇಬರ್ ಕೋಡ್ ಬಂದಾವ, ಇನ್ನು ಯೂನಿಯನ್ ಸತ್ತಂಗೇ ಅಲ್ಲೇನು?

ಮುಷ್ಕರ ಕಷ್ಟವಾಗಿದೆ. ಮೊದಲು 100 ಕಾರ್ಮಿಕರಿದ್ದ ಕಾರ್ಖಾನೆ ಮುಚ್ಚಲು, ಜನ ಕಡಿಮೆ ಮಾಡಲು ಸರ್ಕಾರದ ಅನುಮತಿ ಬೇಕಿತ್ತು, ಈಗ 300. ದಾಲ್ ಮಿಲ್ಲುಗಳಿಗೆ ಇದರಿಂದ ವ್ಯತ್ಯಾಸವೇ ಇಲ್ಲ, ಮೊದಲೂ ಈ ರಕ್ಷಣೆ ಇರಲಿಲ್ಲ. ಕಡೇಚೂರು, ಹುಮನಾಬಾದ್ ಕೈಗಾರಿಕಾ ಪ್ರದೇಶಗಳ ಮಧ್ಯಮ ಗಾತ್ರದ ಘಟಕಗಳಿಗೆ ಇದೆ.

ಬಂದ ಒಳ್ಳೆಯದೂ ಇದೆ. ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ, ನಿಗದಿತ ಅವಧಿಯ ನೌಕರರಿಗೆ ಐದಲ್ಲ, ಒಂದೇ ವರ್ಷಕ್ಕೆ ಗ್ರಾಚ್ಯುಟಿ, ಕೇಂದ್ರದ ಕಾಯ್ದೆಯಲ್ಲೇ ಸಂಘಕ್ಕೆ ಮಾತುಕತೆಯ ಮಾನ್ಯತೆ. ಇವನ್ನೆಲ್ಲ ಕೇಳಿ ಪಡೆಯಬೇಕು. ಕೇಳುವವರು ಯಾರು ಅನ್ನುವಲ್ಲಿಗೆ ಮತ್ತೆ ಸಂಘದ ಬಾಗಿಲೇ ಬರುತ್ತದೆ.

ಸೇರಿದ ಮ್ಯಾಲ ಬಿಡಾಕ ಬರ್ತದಾ?

ಬರುತ್ತದೆ. ಬರೆದು ಕೊಡಿ, ಒಂದು ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ. ಪಗಾರದಲ್ಲೇ ಚಂದಾ ಕಡಿಯಲು ಒಪ್ಪಿಗೆ ಕೊಟ್ಟಿದ್ದರೆ ಆಫೀಸಿಗೂ ಒಂದು ಪತ್ರ ಕೊಡಿ.

ಅರ್ಜಿ ಎಲ್ಲಿ ಕೊಡಬೇಕು? ಕಲಬುರಗಿ ಲೇಬರ್ ಆಫೀಸಿಗೆ ಮೂರು ಸಲ ಹೋದ್ರ ‘ಇದು ನಮ್ಮದಲ್ಲ’ ಅಂದ್ರು.

ನೀವು ಸಿಮೆಂಟಿನವರಾ ಅಂತ ಮೊದಲು ಕೇಳುತ್ತೇನೆ. ವಾಡಿ, ಸೇಡಂ, ಮಳಖೇಡದ ಕಡೆಯಿಂದ ಬಂದವರಿಗೆ ಹೀಗಾಗುತ್ತದೆ. ಸಿಮೆಂಟ್ ಮತ್ತು ಸುಣ್ಣದಕಲ್ಲಿನ ಗಣಿಯ ವಿವಾದಗಳು ಕೇಂದ್ರ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ ಸೇರಿದವು. ರೈಲ್ವೆ, ಬ್ಯಾಂಕಿನವರದ್ದೂ ಹಾಗೆ. ದಾಲ್ ಮಿಲ್ಲು, ಸಕ್ಕರೆ ಕಾರ್ಖಾನೆ, ಔಷಧ ಘಟಕ, ಅಂಗಡಿ, ಹೋಟೆಲಿನವರು ರಾಜ್ಯದ ಕಾರ್ಮಿಕ ಇಲಾಖೆಗೆ. ಪಿಎಫ್ ಬಾಕಿ ಪಿಎಫ್ ಕಚೇರಿಗೆ, ಇಎಸ್‌ಐದು ಇಎಸ್‌ಐಗೆ.

ಎಲ್ಲಿಗೆ ಹೋದರೂ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಮೊಹರು ಬೀಳುವ ತನಕ ಕಿಟಕಿ ಬಿಟ್ಟು ಏಳಬೇಡಿ. ‘ಸಾಹೇಬ್ರು ಊಟಕ್ಕ ಹೋಗ್ಯಾರ’ ಅಂದರೆ ಹೊರಗಿನ ಬೇವಿನ ಗಿಡದ ಕೆಳಗೆ ನೀವೂ ಬುತ್ತಿ ಬಿಚ್ಚಿ.